ಸ್ನೇಹಕ್ಕೆ ಕೊಟ್ಟ ಕೂಸು

ಕಾಲು ಒಳಗೆ ಎಳ್ಕೋ. ಮಧ್ಯೆ ಮಧ್ಯೆ ನೀರು ಬೇಕು, ಸೊಳ್ಳೆ ಕಚ್ತು ಅಂತ ಏಳಬಾರದು, ಆಗ ಹೇಳ್ತೀನಿ. ರಾಜರ ಕತೆನೇ ಬೇಕು ಅಂತ ಹಟ ಹಿಡಿದ್ಯಲ್ಲ ಗಿರಿಜೀ, ರಾಜರ ಕತೆನೇ ಇದು. ಆದ್ರೆ ಇದ್ರಲ್ಲಿ ರಾಜರು ಅಷ್ಟೇನೂ ಚೆನ್ನಾಗಿ ಕಾಣಲ್ಲ, ಆಮೇಲೆ ನನ್ನ ಬೈಬೇಡ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿ ಕೂಡ ಇನ್ನೂ ಹುಟ್ಟದೇ ಇದ್ದ ಕಾಲದಲ್ಲಿ, ಒಂದು ದೊಡ್ಡ ಹೊಳೆ ಇತ್ತಂತೆ. ಹೊಳೆಯ ಮೂಡಲಿಗೆ ಮೂಡುಸೀಮೆ ಅಂತ ಒಂದು ದೇಶ, ಪಡುವಲಿಗೆ ಪಡುಸೀಮೆ ಅಂತ ಇನ್ನೊಂದು ದೇಶ. ಮೂಡುಸೀಮೇಲಿ ಬತ್ತ ಬೇಕಾದಷ್ಟು ಬೆಳೀತಿತ್ತು, ಒಂದು ಹರಳು ಉಪ್ಪು ಇರ್ಲಿಲ್ಲ. ಪಡುಸೀಮೆ ಅಂಚಿಗೆ ಸಮುದ್ರ, ಅಲ್ಲಿ ಉಪ್ಪಿನ ಗುಡ್ಡೆ ಗುಡ್ಡೆನೇ ಬಿದ್ದಿರ್ತಿತ್ತು, ಅನ್ನಕ್ಕೆ ಗತಿ ಇರ್ಲಿಲ್ಲ. ಇವರಿಗೆ ಅವರು ಬೇಕು, ಅವರಿಗೆ ಇವರು ಬೇಕು. ತೆಪ್ಪಗೆ ಕೊಟ್ಟು ತಗೊಂಡು ಇರಬಹುದಿತ್ತು, ಅಲ್ವಾ? ಇರ್ತಿರ್ಲಿಲ್ಲವಂತೆ. ಹೊಡೆದಾಡೋರು. ಹೊಡೆದಾಡಿ ಹೊಡೆದಾಡಿ ಹೊಳೆ ನೀರು ಕುಡಿಯೋಕೂ ಅಸಹ್ಯ ಆಗೋ ಹಾಗಾಯ್ತಂತೆ, ಆಮೇಲೆ ಎರಡೂ ಕಡೆ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದ್ರಂತೆ.

ಏನಪ್ಪಾ ಕಟ್ಟಳೆ ಅಂದ್ರೆ, ಪಟ್ಟಕ್ಕೆ ಬಂದ ರಾಜ ತನ್ನ ಸ್ವಂತ ಕೂಸನ್ನ ಆಚೆ ದಡದ ರಾಣಿ ಮಡಿಲಿಗೆ ಹಾಕಬೇಕು, ಆಚೆ ದಡದವನೂ ಹಾಗೇ ಇವರ ಮಡಿಲಿಗೆ ಹಾಕಬೇಕು. ಅವರ ಮಗು ಇವರ ಮನೇಲಿ, ಇವರ ಮಗು ಅವರ ಮನೇಲಿ ಬೆಳೀಬೇಕು. ಸ್ನೇಹದ ಕೂಸು ಅಂತ ಅದಕ್ಕೆ ಹೆಸರು. ಎರಡು ದೇಶಕ್ಕೂ ಜಗಳ ಬಂತು ಅಂದ್ಕೋ, ಆವತ್ತು ಎರಡು ಅರಮನೇಲೂ ಆ ಕೂಸಿನ ಮುಂದೆ ಹಾಕಿದ ಊಟದ ಎಲೆ ಎತ್ತಿಬಿಡೋರು. ಎತ್ತಿದೀವಿ ಅಂತ ದಡದಲ್ಲಿ ನಿಂತು ಕೊಂಬು ಊದೋರು. ಜಗಳ ಬಗೆಹರಿಯೋವರೆಗೂ ಮಗೂಗೆ ನೀರು ಬಿಟ್ರೆ ಒಂದು ಅಗಳು ಇಲ್ಲ. ಆಚೆ ದಡದಲ್ಲಿ ಹೆತ್ತೋರು ಕೊಂಬಿನ ಸದ್ದು ಕೇಳಿದ್ರೆ ಅವರ ಗಂಟಲಲ್ಲಿ ತುತ್ತು ಇಳಿಯುತ್ತಾ? ಬಿದ್ದೂ ಎದ್ದೂ ಓಡಿ ಬಂದು ರಾಜಿ ಮಾಡ್ಕೊಳ್ಳೋರು. ತಲೆಮಾರುಗಟ್ಟಲೆ ಹೀಗೇ ನಡೀತಂತೆ, ಯುದ್ಧ ಅನ್ನೋ ಮಾತೇ ಜನಕ್ಕೆ ಮರೆತುಹೋಯ್ತಂತೆ. ಮಕ್ಕಳ ಹೊಟ್ಟೆ ಮೇಲೆ ಕಟ್ಟಿದ ಸ್ನೇಹ ಅದು, ಆದ್ರೂ ನಿಂತಿತ್ತು.

ಆಮೇಲೆ ಮೂಡುಸೀಮೆಗೆ ಬೊಪ್ಪರಾಜ ಅನ್ನೋನು ಪಟ್ಟಕ್ಕೆ ಬಂದ. ಇವನಿಗೆ ಮೂರು ಜನ ಹೆಣ್ಣುಮಕ್ಕಳು. ಕೂಸು ಕೊಡೋ ಹೊತ್ತು ಬಂದಾಗ, ದೊಡ್ಡೋಳನ್ನ ಕಳಿಸೋಣ ಅಂದ್ರೆ, ಅಯ್ಯೋ ಅವಳಿಲ್ಲದೆ ನನಗೆ ಬೆಳಗಾಗಲ್ಲ ಅಂದ್ನಂತೆ ರಾಜ. ನಡುವಿನೋಳನ್ನ ಕಳಿಸೋಣ ಅಂದ್ರೆ, ಅವಳ ತಾತ ಸೇನಾಪತಿ, ಕತ್ತಿ ಹಿರ್ಕೊಂಡು ಬಾಗಿಲಿಗೆ ನಿಂತ್ನಂತೆ. ಕಿರಿಯೋಳನ್ನ ಕಳಿಸೋಣ ಅಂದ್ರೆ, ರಾಣಿ ಮಗೂನ ಅವಚಿಕೊಂಡು ಬಾವಿ ಕಟ್ಟೆ ಮೇಲೆ ಕೂತ್ಬಿಟ್ಳಂತೆ. ಅವರ ಮಕ್ಕಳ ಮೇಲೆ ಅವರಿಗೆ ಆಸೆ ಇರೋದು ತಪ್ಪಲ್ಲ, ನಾನೇನೂ ಅನ್ನಲ್ಲ. ಮುಂದೆ ಮಾಡಿದ್ದು ನೋಡು.

ಅರಮನೆ ಹಿಂದುಗಡೆ ಬತ್ತ ಕುಟ್ಟೋ ಕೊಟ್ಟಿಗೆ. ಅಲ್ಲಿ ಸಣ್ಣೀರಿ ಅಂತ ಒಬ್ಬ ಹೆಂಗಸು ಒನಕೆ ಹಿಡಿದು ಜೀವನ ಮಾಡ್ತಿದ್ಳು. ಗಂಡ ಸತ್ತಿದ್ದ, ಇದ್ದಿದ್ದು ಒಂದೇ ಹೆಣ್ಣುಮಗು. ಕೂದಲು ಸ್ವಲ್ಪ ಕೆಂಚಗಿತ್ತು ಅಂತ ಕೆಂಚಿ ಅನ್ನೋರು. ಲಕ್ಷಣವಾಗಿದ್ಳು ಮಗು, ಈಗ ನೀನಿದೀಯಲ್ಲ, ಅಷ್ಟೇ ಎತ್ತರ. ಮಂತ್ರಿ ಬಂದು ಅವಳ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದ್ನಂತೆ. ಆಮೇಲೆ ಎಣ್ಣೆ ಹಚ್ಚಿ ನೀರು ಹಾಕಿ, ರೇಷ್ಮೆ ಲಂಗ ಉಡಿಸಿ, ಕತ್ತು ಬಗ್ಗೋವಷ್ಟು ಒಡವೆ ಹಾಕಿ, ಇವತ್ತಿಂದ ನಿನ್ನ ಹೆಸರು ರತ್ನಾಜಮ್ಮಣ್ಣಿ ಅಂದ್ರಂತೆ. ಕೆಂಚಿ ಅನ್ನೋ ಮಾತು ಬಾಯಿಂದ ಬಂತೋ, ನಿಮ್ಮಮ್ಮನ ತಲೆ ಉರುಳುತ್ತೆ ಅಂದ್ರಂತೆ.

ಮಗು ಅಳಲಿಲ್ಲ. ಅಮ್ಮನ ಹತ್ರ ವಾಪಸ್ ಯಾವಾಗ ಬರೋದು ಅಂತ ಮಾತ್ರ ಕೇಳ್ತಂತೆ. ಮಂತ್ರಿ ನಕ್ಕು, ಎರಡು ದೇಶದ ಸ್ನೇಹ ಗಟ್ಟಿಯಾಗಿ ನಿಂತ್ರೆ ದೊಡ್ಡವಳಾದ ಮೇಲೆ ಬರ್ತೀಯ ಕಂದ ಅಂದ. ಬಾಯಿಗೆ ಬಂದಿದ್ದು ಹೇಳಿದ ಅಷ್ಟೇ ಆ ಮುಂಡೇಗಂಡ. ಆದ್ರೆ ಮಗು ಅದನ್ನೇ ಗಟ್ಟಿಯಾಗಿ ಹಿಡ್ಕೊಂಡ್ಬಿಡ್ತು. ಸ್ನೇಹ ನಿಂತ್ರೆ ಅಮ್ಮ ಸಿಗ್ತಾಳೆ, ಮುರಿದ್ರೆ ಅಮ್ಮ ಸಾಯ್ತಾಳೆ. ಅಷ್ಟು ದೊಡ್ಡ ಎರಡು ದೇಶ, ಅದ್ರ ಸ್ನೇಹ ಉಳೀಬೇಕು ಅಂತ ನಿಜವಾಗ್ಲೂ ಬೇಕಾಗಿದ್ದಿದ್ದು ಆ ಒಂದು ಮಗೂಗೆ ಮಾತ್ರ.

ಇತ್ತ ಸಣ್ಣೀರಿಗೂ ಹೇಳಿದ್ರಂತೆ, ನಿನಗೆ ಮಗಳಿಲ್ಲ, ಸಿಡುಬಲ್ಲಿ ಹೋದ್ಳು ಅಂತ ಕೇಳಿದೋರಿಗೆಲ್ಲ ಹೇಳು, ಎಲ್ಲಾದ್ರೂ ಎದುರಾದ್ರೆ ಅವಳು ರಾಜನ ಮಗಳು, ಕಾಲಿಗೆ ಬೀಳು. ಹುಷಾರ್. ಆಮೇಲೆ ಆಗಾಗ ಯಾರಾದ್ರೂ ಒಬ್ಬ ಓಲೆಕಾರ ಕೊಟ್ಟಿಗೆಗೆ ಬಂದು, ಏನಮ್ಮ, ನಿನಗೊಬ್ಬಳು ಮಗಳಿದ್ಳಂತಲ್ಲ ಅಂತ ಬೇಕೂ ಅಂತ ಕೇಳೋನಂತೆ. ಇದ್ಳು ಸ್ವಾಮಿ, ಸತ್ತೋದ್ಳು ಅನ್ನೋಳಂತೆ ಸಣ್ಣೀರಿ, ಒನಕೆ ನಿಲ್ಲಿಸದೇನೇ. ಕೆಂಚಿ ಅಂತ ಬಾಯಿಗೆ ಬಂದಾಗೆಲ್ಲ ನಾಲಗೆ ಕಚ್ಕೊಳ್ಳೋಳಂತೆ. ಹೀಗೆ ವರ್ಷಾನುಗಟ್ಟಲೆ. ಎಂಥಾ ಬಾಳು ನೋಡು ಅದು.

ಮಲಗಿದ್ಯಾ? ಇಲ್ವಾ. ಸರಿ ಕೇಳು.

ಪಡುಸೀಮೇಲಿ ಭೂಪಾಲ ಅಂತ ರಾಜ. ಅವನ ರಾಣಿ ಕೆಂಚೀನ ಮಡಿಲಲ್ಲಿ ಕೂರಿಸ್ಕೊಂಡು ಹೂವು ಮುಡಿಸಿದ್ಳು, ಕೆಟ್ಟವಳೇನಲ್ಲ. ಭೂಪಾಲನ ಮಗ ಅಂತ ಪಡುಸೀಮೆಯಿಂದ ಒಬ್ಬ ಹುಡುಗ ಮೂಡುಸೀಮೆಗೆ ಹೋದ, ವೀರಮಾರ್ತಾಂಡ ಅಂತ ಹೆಸರು. ಎರಡೂ ದಡದಲ್ಲಿ ತಮಟೆ ವಾದ್ಯ ಆಯ್ತು, ಹೋಳಿಗೆ ಊಟ ಆಯ್ತು, ಇಂಥಾ ಸ್ನೇಹ ಮೂರು ಲೋಕದಲ್ಲಿಲ್ಲ ಅಂತ ಭಟ್ಟಂಗಿಗಳು ಹಾಡಿದ್ರು. ಕೆಂಚಿ ಅಲ್ಲೇ ಬೆಳೆದ್ಳಂತೆ, ಅವರ ಮಾತು ಕಲಿತ್ಳು, ಅವರ ಹಾಗೆ ಸೆರಗು ಹೊದೆಯೋದು ಕಲಿತ್ಳು. ಯಾರಿಗೂ ಎದುರಾಡ್ತಿರ್ಲಿಲ್ಲ. ಬೆಳಿಗ್ಗೆ ಎದ್ದ ತಕ್ಷಣ ಹೊಳೆ ಕಡೆ ನೋಡೋಳು, ದಡ ಶಾಂತವಾಗಿದ್ರೆ ಸಮಾಧಾನ. ಮನಸ್ಸಲ್ಲೇ ತನ್ನ ಹೆಸರು ತಾನೇ ಒಂದು ಸಲ ಕರ್ಕೊಳ್ಳೋಳಂತೆ, ಅಮ್ಮ ಕರೆದ ಹಾಗೆ. ತುಟಿ ಅಲ್ಲಾಡಿಸದೇ.

ಮೊದಲನೇ ಸಲ ಜಗಳ ಬಂದಿದ್ದು ಮರಳಿಗೆ. ದೊಡ್ಡ ನೆರೆ ಬಂದು ಇಳಿದ ಮೇಲೆ ಹೊಳೆ ನಡುವೆ ಒಂದು ಮರಳುದಿಬ್ಬ ಎದ್ದಿತ್ತಂತೆ. ಒಂದು ಹುಲ್ಲುಕಡ್ಡಿ ಹುಟ್ಟದ ಜಾಗ. ನಮ್ಮದು ಅಂದ್ರು ಇವರು, ನಮ್ಮದು ಅಂದ್ರು ಅವರು. ತಗೋ, ಕೊಂಬು ಊದೇಬಿಟ್ರು. ಕೆಂಚಿ ಮುಂದಿನ ಎಲೆ ಎತ್ತಿದ್ರು. ರಾಣಿ ಮುಖ ಆ ಕಡೆ ತಿರುಗಿಸ್ಕೊಂಡ್ಳು. ಕೆಂಚಿ ಗೋಡೆಗೆ ಒರಗಿ ಕೂತ್ಳಂತೆ. ಆಸ್ಥಾನದೋರೆಲ್ಲ ಬಂದು ನೋಡಿ, ಆಹಾ, ರಾಜರಕ್ತ ಅಂದ್ರೆ ಇದು, ಇಷ್ಟು ಚಿಕ್ಕ ಮಗು ಹಸಿವನ್ನ ಹೇಗೆ ನುಂಗಿಕೊಂಡಿದೆ ನೋಡಿ ಅಂತ ಕೊಂಡಾಡಿದ್ರಂತೆ. ರಾಜರಕ್ತ ಅಂತೆ ರಾಜರಕ್ತ. ಬತ್ತ ಕುಟ್ಟೋರ ಮನೇಲಿ ಹುಟ್ಟಿದ ಮಗೂಗೆ ಹಸಿವು ತಡೆಯೋದು ಯಾರೂ ಹೇಳಿಕೊಡಬೇಕಾಗಿರ್ಲಿಲ್ಲ ಕಣೇ. ಕುಟ್ಟೋದು ಇವರು, ಉಣ್ಣೋದು ಅವರು.

ಬೊಪ್ಪರಾಜನಿಗೆ ಕೊಂಬು ಕೇಳಿಸ್ತು. ಊಟದ ಮಧ್ಯೆ ಇದ್ದ. ಮಂತ್ರಿ ಕಡೆ ನೋಡಿದ, ಮಂತ್ರಿ ಇವನ ಕಡೆ ನೋಡಿದ. ಜನ ನೋಡ್ತಾರಲ್ಲ ಅಂತ ಎದ್ದು, ಎದೆ ಬಡ್ಕೊಂಡು, ಅಯ್ಯೋ ನನ್ನ ಮಗಳೇ ಅಂತ ಅಂದು, ಪಾಯಸ ಮುಗಿಸಿ ಹೋಗಿ ರಾಜಿ ಮಾಡ್ಕೊಂಡ್ನಂತೆ. ದಿಬ್ಬ ಇಬ್ಬರಿಗೂ ಸೇರಿದ್ದು ಅಂತ ಆಯ್ತು. ಆವತ್ತು ಕೊಟ್ಟಿಗೇಲಿ ಒಬ್ಬಳು ಮಾತ್ರ ಕೈಲಿದ್ದ ಗಂಜಿ ಚೆಂಬು ಕೆಳಗಿಟ್ಟು, ಹೊಟ್ಟೆನೋವು ಅಂತ ಹೇಳಿ, ಕೊಂಬು ನಿಲ್ಲೋವರೆಗೂ ಏನೂ ಬಾಯಿಗೆ ಹಾಕ್ಲಿಲ್ಲವಂತೆ. ಅವಳನ್ನ ಯಾರೂ ನೋಡ್ಲಿಲ್ಲ.

ಎರಡನೇ ಸಲ ಜಗಳ ಬಂದಿದ್ದು ಮಾತಿಗೆ. ಪಡುಸೀಮೆ ರಾಯಭಾರಿ ಬಂದಾಗ ಬೊಪ್ಪರಾಜನ ಭಾವಮೈದ, ನಿಮ್ಮ ಕಡೆಯೋರ ಮೈಯೆಲ್ಲ ಮೀನು ನಾತ ಅಂದ್ಬಿಟ್ಟನಂತೆ. ಇವನ ತಲೆ. ರಾಯಭಾರಿ ಊರಿಗೆ ಹೋಗಿ ಒಂದಕ್ಕೆ ನಾಲ್ಕು ಸೇರಿಸಿ ಹೇಳಿದ. ಮತ್ತೆ ಕೊಂಬು, ಮತ್ತೆ ಎಲೆ ಎತ್ತಿದ್ರು. ಈ ಸಲ ಬೊಪ್ಪರಾಜ ಬೇಗ ಬರ್ಲಿಲ್ಲ. ಬೇಟೆಗೆ ಹೋದ್ನಂತೆ, ಬಂದು ಮಲಗಿದ್ನಂತೆ, ಆಮೇಲೆ ಯಾವಾಗಲೋ ನೆನಪಾಗಿ ಎದ್ನಂತೆ. ಕೊಟ್ಟಿದ್ದು ತನ್ನದಾಗಿದ್ರೆ ತಾನೇ ನೋವು? ಅಷ್ಟು ಹೊತ್ತಿಗೆ ಕೆಂಚಿಗೆ ಕಣ್ಣು ಕತ್ತಲೆ ಬರ್ತಿತ್ತು. ವಯಸ್ಸಿಗೆ ಬಂದಿದ್ಳು ಆಗ. ಎದ್ದು ಹೋಗಿ ಭೂಪಾಲನ ಮುಂದೆ ನಿಂತು, ನಡುಹೊಳೆ ದಿಬ್ಬದಲ್ಲಿ ಎರಡೂ ಕಡೆಯೋರು ಸೇರಿ, ನಾನೇ ಬಂದು ಮಾತಾಡ್ತೀನಿ ಅಂದ್ಳಂತೆ. ಸರಿ ಅಂತ ಒಪ್ಪಿ ದೋಣಿ ಹೊರಡಿಸಿದ್ರು.

ದಿಬ್ಬದ ಮೇಲೆ ಆ ಕಡೆಯಿಂದ ಬೊಪ್ಪರಾಜ, ಈ ಕಡೆಯಿಂದ ಭೂಪಾಲ. ಕೆಂಚಿ ಎರಡೂ ಕಡೆ ಭಾಷೇಲಿ ಎಷ್ಟು ನಯವಾಗಿ ಮಾತಾಡಿದ್ಳು ಅಂದ್ರೆ, ಆ ಭಾವಮೈದನೇ ಬಂದು ಕೈ ಮುಗಿದು ತಪ್ಪಾಯ್ತು ಅಂದ್ನಂತೆ. ಎಲ್ಲಾ ಸರಿಹೋಯ್ತು. ಹೊರಡೋ ಹೊತ್ತಿಗೆ ಅವಳಿಗೆ ಇನ್ನು ತಡೆಯೋಕಾಗ್ಲಿಲ್ಲ. ಅಪ್ಪಾಜಿ, ನಮ್ಮ ಅರಮನೇಲಿ ಬತ್ತ ಕುಟ್ಟೋ ಹೆಂಗಸು ಒಬ್ಬಳಿದ್ಳಲ್ಲ, ಹೇಗಿದಾಳೆ ಅಂತ ಕೇಳಿದ್ಳಂತೆ. ಬೊಪ್ಪರಾಜನಿಗೆ ನಿಜವಾಗ್ಲೂ ಗೊತ್ತಾಗ್ಲಿಲ್ಲ. ಯಾವಳು, ಬೇಕಾದಷ್ಟು ಜನ ಇದಾರೆ ಅಂದ. ಮಗು ಕಿತ್ಕೊಂಡಿದ್ದೂ ಮರೆತಿದ್ದ ಅವನು.

ಅಲ್ಲೇ ಇನ್ನೊಂದು ನಡೆದಿತ್ತು. ಆ ವೀರಮಾರ್ತಾಂಡನನ್ನೂ ಕರ್ಕೊಂಡು ಬಂದಿದ್ರು, ಅವನ ಎಲೆನೂ ಎತ್ತಿದ್ರಲ್ಲ, ಒಣಗಿಹೋಗಿದ್ದ. ದೊಡ್ಡೋರು ಮಾತಾಡ್ತಿರೋವಾಗ ಅವನು ಒಂದು ಕಡೆ ಕೂತು ಒದ್ದೆ ಮಣ್ಣು ಕೈಗೆ ತಗೊಂಡು, ತನಗೇ ಗೊತ್ತಿಲ್ಲದೆ ಹೆಬ್ಬೆಟ್ಟು ಒತ್ತಿ ಸುತ್ತ ತಿರುಗಿಸಿ ಒಂದು ಪುಟ್ಟ ಮಡಕೆ ಕಂಠ ಎಬ್ಬಿಸಿದ್ನಂತೆ. ಏನು ನಯ, ಏನು ಅಚ್ಚುಕಟ್ಟು. ಕೆಂಚಿ ನೋಡಿದ್ಳು. ಅವಳು ನೋಡಿದ್ದನ್ನ ಅವನೂ ನೋಡಿ, ಗಾಬರಿಯಾಗಿ ತಟ್ಟಂತ ಹಿಸುಕಿಬಿಟ್ಟ. ಕುಂಬಾರರ ಕೈ ಅದು, ಯಾವ ರಾಜ ತನ್ನ ಮಗನಿಗೆ ಅದನ್ನ ಕಲಿಸ್ತಾನೆ? ಕೆಂಚಿ ಕಣ್ಣಲ್ಲೇ ಹೆದರಬೇಡ ಅಂದ್ಳಂತೆ. ಯಾರಿಗೂ ಹೇಳ್ಲಿಲ್ಲ, ಹೇಳಿದ್ರೆ ಎರಡು ಊರಿಗೂ ಬೆಂಕಿ ಬೀಳುತ್ತೆ ಅಂತ ಅವಳಿಗೆ ಗೊತ್ತಿತ್ತು.

ಇನ್ನು ಮೂರನೇದು. ಅದು ಮರಳಿನ ಜಗಳ ಅಲ್ಲ, ಮಾತಿನ ಜಗಳ ಅಲ್ಲ, ದುರಾಸೆ. ಬೊಪ್ಪರಾಜನಿಗೆ ಉಪ್ಪಿನ ಗದ್ದೆ ಬೇಕಾಯ್ತು, ಕೊಂಡು ತಿನ್ನೋದು ಯಾಕೆ, ಕಿತ್ಕೊಂಡೇ ತಿನ್ನೋಣ ಅಂತ. ಭೂಪಾಲನಿಗೂ ಬತ್ತದ ಗದ್ದೆ ಮೇಲೆ ಯಾವಾಗಿಂದಲೋ ಕಣ್ಣು. ಕೊಂಬು ಊದಿದ್ರು ಎರಡೂ ದಡದಲ್ಲಿ. ಎಲೆ ಎತ್ತಿದ್ರು ಎರಡೂ ಅರಮನೇಲಿ. ಈ ಸಲ ಯಾರೂ ಬರ್ಲಿಲ್ಲ. ಕೊಂಬು ಊದೋನ ಉಸಿರು ಕಟ್ಟಿ ಇನ್ನೊಬ್ಬ ಬಂದು ಊದಿದ, ಅವನೂ ಸೋತ, ಆದ್ರೂ ಯಾರೂ ಬರ್ಲಿಲ್ಲ. ಇವನು ಸೋಲಲಿ ಅಂತ ಅವನು, ಅವನ ಕರುಳು ಕರಗಲಿ ಅಂತ ಇವನು, ಇಬ್ಬರೂ ಹಾಯಾಗಿ ಕಾಲು ಚಾಚಿ ಕಾಯ್ತಿದ್ರಂತೆ. ಜನ ಏನಂದ್ರು ಗೊತ್ತಾ? ಅಬ್ಬಾ, ದೇಶಕ್ಕೋಸ್ಕರ ಹೆತ್ತ ಮಗೂನೇ ಬಿಟ್ಟುಕೊಡ್ತಿದಾರಲ್ಲ, ಇಂಥಾ ರಾಜರನ್ನ ಪಡೆಯೋಕೆ ಪುಣ್ಯ ಮಾಡಿದ್ವಿ ಅಂತ ಕಣ್ಣೀರು ಹಾಕಿದ್ರು. ಜನಕ್ಕೂ ಬುದ್ಧಿ ಇರಬೇಕು ನೋಡು.

ಕೆಂಚಿ ಗೋಡೆ ಹಿಡ್ಕೊಂಡು ನಿಧಾನಕ್ಕೆ ಭೂಪಾಲನ ಊಟದ ಮನೆಗೆ ಹೋದ್ಳಂತೆ. ಅವನು ಊಟಕ್ಕೆ ಕೂತಿದ್ದ. ಪಕ್ಕದಲ್ಲಿ ಒಬ್ಬ ಹುಡುಗ, ತಂಗಿ ಮಗ ಅಂತ ಮೊದಲಿಂದ ಹೇಳ್ಕೊಂಡು ಬಂದಿದ್ರು. ಮೀಸೆ ಬಂದಿದೆ ಹುಡುಗನಿಗೆ, ಆದ್ರೂ ರಾಜ ತನ್ನ ಕೈಯಾರೆ ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಅವನ ಎಲೆಗೆ ಹಾಕ್ತಿದ್ನಂತೆ, ಗಂಟಲಿಗೆ ಸಿಕ್ಕೀತು ಮರಿ, ನೋಡ್ಕೊಂಡು ತಿನ್ನು ಅಂತ. ಆಚೆ ದಡದಲ್ಲಿ ಸ್ವಂತ ಮಗ ಹಸಿದು ಬಿದ್ದಿದಾನೆ ಅಂತ ಹೇಳ್ಕೊಳ್ಳೋ ಅಪ್ಪ ಇವನು. ಕೆಂಚಿ ನೋಡಿದ್ಳು. ಅವಳಿಗೆ ಎಲ್ಲಾ ಅರ್ಥ ಆಯ್ತು.

ಆಚೆ ದಡದಲ್ಲಿರೋ ಹುಡುಗ ಯಾರ ಮಗ, ಅಂತ ಕೇಳಿದ್ಳಂತೆ.

ರಾಜನ ಕೈ ನಿಂತುಹೋಯ್ತು. ಹುಡುಗನನ್ನ ಒಳಗೆ ಕಳಿಸಿದ. ಹಾಗಾದ್ರೆ ನೀನು ಯಾರ ಮಗಳು ಅಂದ. ಅಷ್ಟು ವರ್ಷ ಒತ್ತಿ ಇಟ್ಟಿದ್ದ ಮಾತು ಅವಳ ಬಾಯಿಂದ ಬಂತಂತೆ. ನಾನು ಬತ್ತ ಕುಟ್ಟೋ ಸಣ್ಣೀರಿ ಮಗಳು, ಕೆಂಚಿ. ನೀವು ನನ್ನ ಸಾಯಿಸಿದ್ರೆ ಅವರಿಗೆ ನಷ್ಟ ಇಲ್ಲ, ಅವರು ಆ ಹುಡುಗನನ್ನ ಸಾಯಿಸಿದ್ರೆ ನಿಮಗೆ ನಷ್ಟ ಇಲ್ಲ, ಇನ್ನು ಯಾರನ್ನ ನೋಡ್ಕೊಂಡು ಕಾಯ್ತಾ ಇದೀರಿ ಅಂದ್ಳಂತೆ. ಇದು ನಿಮ್ಮ ಜನಕ್ಕೆ ಗೊತ್ತಾದ್ರೆ ಕಲ್ಲು ತಗೊಂಡು ಹೊಡೀತಾರೆ, ಆಚೆ ದಡದಲ್ಲೂ ಅಷ್ಟೇ, ಅದಕ್ಕೆ ಹೋಗಿ ಮಾತಾಡ್ಕೊಳ್ಳಿ, ನನ್ನ ಅಮ್ಮನ ಹತ್ರ ಕಳಿಸಿ ಅಂದ್ಳಂತೆ.

ಆಮೇಲೆ ಏನು, ಗುಟ್ಟಾಗಿ ದೋಣಿ ಹೊರಟ್ವು, ಅದೇ ಮರಳುದಿಬ್ಬಕ್ಕೆ. ಇಬ್ಬರು ರಾಜರು, ನಡುವೆ ಕೆಂಚಿ, ಬೇರೆ ನರಪಿಳ್ಳೆ ಇಲ್ಲ. ಮೊದಲು ಇಬ್ಬರೂ ಕೂಗಾಡಿದ್ರಂತೆ, ನೀನು ಮೋಸಗಾರ, ನೀನು ಮೋಸಗಾರ, ಹೊಳೆಯಮ್ಮನ ಮೇಲೆ ಆಣೆ ಇಟ್ಟು ಮೋಸ ಮಾಡಿದ್ಯಲ್ಲೋ ಅಂತ. ಕೂಗಿ ಕೂಗಿ ಸುಸ್ತಾಯ್ತು. ಆಮೇಲೆ ಬೊಪ್ಪರಾಜನಿಗೆ ನಗು ಬಂತಂತೆ. ಅವನು ನಕ್ಕಿದ್ದು ನೋಡಿ ಭೂಪಾಲನಿಗೂ ನಗು ಬಂತು. ಹೊಟ್ಟೆ ಹಿಡ್ಕೊಂಡು ನಕ್ಕರಂತೆ ಇಬ್ಬರೂ. ನೀನೂ ನನ್ನ ಹಾಗೇನೇ ಅಂತ ಒಬ್ಬರನ್ನೊಬ್ಬರು ತಬ್ಕೊಂಡ್ರು. ಇವನ ಜುಟ್ಟು ಅವನ ಕೈಲಿ, ಅವನ ಜುಟ್ಟು ಇವನ ಕೈಲಿ, ಇನ್ನು ಬಿಡೋ ಹಾಗಿಲ್ಲ. ಆವತ್ತಿಂದ ಸ್ನೇಹ ನಿಜಕ್ಕೂ ಗಟ್ಟಿಯಾಯ್ತಂತೆ. ಉಪ್ಪಿಗೆ ಬತ್ತ, ಬತ್ತಕ್ಕೆ ಉಪ್ಪು, ಹಾಗೇ ಮಾತಾಡಿ ಮುಗಿಸಿದ್ರು.

ಹೊರಡೋಕೆ ಎದ್ದಾಗ ಭೂಪಾಲ, ಅಂದಹಾಗೆ ಆ ಹುಡುಗ ಹೇಗಿದಾನೆ ಅಂದ.

ನಿನ್ನೆನೇ ಹೋದ, ಅಂದ ಬೊಪ್ಪರಾಜ.

ಅಯ್ಯೋ ಪಾಪ ಅಂದ್ನಂತೆ ಭೂಪಾಲ. ಅಂದು, ಮಳೆಗಾಲಕ್ಕೆ ಮುಂಚೆ ಉಪ್ಪು ಸಾಗಿಸಬೇಕಲ್ಲ, ದೋಣಿ ನಿಮ್ಮದೋ ನಮ್ಮದೋ ಅಂತ ಕೇಳಿದ. ಕೆಂಚಿ ಮರಳ ಮೇಲೆ ಕುಕ್ಕರಿಸಿಬಿಟ್ಳಂತೆ. ಆ ಹುಡುಗನ ನಿಜವಾದ ಹೆಸರೇನು ಅಂತ ಕೇಳಿದ್ಳು. ಭೂಪಾಲ ತಲೆ ಕೆರ್ಕೊಂಡ, ಅವನಿಗೆ ಗೊತ್ತಿರ್ಲಿಲ್ಲ. ಗುಜ್ಜ ಅಂತ ಇತ್ತಂತೆ ಅವನ ಹೆಸರು. ನಮ್ಮಜ್ಜಿ ಹೇಳ್ತಿದ್ರು, ಅದಕ್ಕೆ ನನಗೆ ಗೊತ್ತು. ಹೆಣಕ್ಕೆ ಪೀತಾಂಬರ ಹೊದಿಸಿ, ಆನೆ ಮೇಲೆ ಮೆರವಣಿಗೆ ಮಾಡಿ, ಗಂಧದ ಸೌದೇಲಿ ಸುಟ್ಟರು. ದೇಶಕ್ಕೋಸ್ಕರ ಪ್ರಾಣ ಕೊಟ್ಟ ರಾಜಕುಮಾರ ಅಂತ ಡಂಗುರ ಹೊಡೆಸಿದ್ರು. ಪಡುಸೀಮೆಯ ಒಬ್ಬ ಕುಂಬಾರ, ಅವನ ಹೆಂಡತಿ, ಇಬ್ಬರೂ ಹೊಳೆ ದಾಟಿ ಬಂದು ಜನದ ಮಧ್ಯೆ ನಿಂತಿದ್ರಂತೆ. ಜೋರಾಗಿ ಅಳೋ ಹಾಗೂ ಇರ್ಲಿಲ್ಲ, ರಾಜಕುಮಾರ ಸತ್ರೆ ಕುಂಬಾರತಿ ಯಾಕೆ ಎದೆ ಬಡ್ಕೊಳ್ತಾಳೆ ಅಂತ ಕೇಳ್ತಾರಲ್ಲ.

ಅಳಬೇಡವೇ. ಕತೆ ಕಣೇ ಇದು. ಬಾ ಹತ್ರ. ಕೆಂಚಿ ಮನೆಗೆ ಹೋಗೋದು ಕೇಳಲ್ವಾ?

ರತ್ನಾಜಮ್ಮಣ್ಣಿ ತಪಸ್ಸಿಗೆ ಹೋದ್ರು ಅಂತ ಎರಡೂ ಊರಲ್ಲಿ ಸಾರಿಸಿಬಿಟ್ಟು, ಒಡವೆ ಬಿಚ್ಚಿಸ್ಕೊಂಡು, ಒಂದು ನೂಲಿನ ಸೀರೆ ಉಡಿಸಿ, ಕೆಂಚೀನ ಮೂಡುಸೀಮೆ ದಡಕ್ಕೆ ಬಿಟ್ರಂತೆ. ಬಾಯಿ ಬಿಟ್ರೆ ತಾಯಿ ಮಗಳು ಇಬ್ಬರಿಗೂ ನೇಣು ಅಂತ ಮಾತ್ರ ಹೇಳಿದ್ರು. ಅವಳಿಗೆ ಅದೆಲ್ಲ ಕಿವಿಗೇ ಬೀಳ್ಲಿಲ್ಲ. ಓಡಿದ್ಳಂತೆ. ಆನೆ ಲಾಯ ದಾಟಿ, ಅಡಿಗೆಮನೆ ಹಿತ್ತಿಲು ದಾಟಿ, ಕೊಟ್ಟಿಗೆ ಪಕ್ಕದ ಗುಡಿಸಲ ಮುಂದೆ ನಿಂತ್ಳು. ಸಣ್ಣೀರಿ ಬಾಗಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರ್ತಿದ್ಳು. ತಲೆ ಬೆಳ್ಳಗಾಗಿತ್ತು. ಅಮ್ಮಾ ಅಂದ್ಳು ಕೆಂಚಿ.

ಸಣ್ಣೀರಿ ತಲೆ ಎತ್ತಿ ನೋಡಿದ್ಳು. ಗುರುತು ಸಿಕ್ತು, ಸಿಗದೆ ಇರುತ್ತಾ? ಮೊರ ಕೈಯಿಂದ ಜಾರಿ ಅಕ್ಕಿಯೆಲ್ಲ ಚೆಲ್ಲಿಹೋಯ್ತು. ಎದ್ದು ಬಂದು, ಮಗಳ ಕಾಲಿಗೆ ಅಡ್ಡ ಬಿದ್ದು, ಅಮ್ಮಾವ್ರೇ, ನನ್ನ ಮಗಳು ಸಿಡುಬಲ್ಲಿ ಸತ್ತೋದ್ಳು ಅಮ್ಮಾವ್ರೇ ಅಂದ್ಳಂತೆ.

ಕೆಂಚಿ ಎತ್ತಿದ್ಳು, ತಬ್ಕೊಂಡ್ಳು, ಅತ್ತಳು. ಅಮ್ಮಾ ನಾನೇ, ಎಲ್ಲಾ ಮುಗೀತು, ಇನ್ನು ಹೆದರಬೇಡ ಅಂದ್ಳು. ಸಣ್ಣೀರಿನೂ ಅಳ್ತಿದ್ಳು, ಹೂಂ ಅಮ್ಮಾವ್ರೇ, ಹೂಂ ಅಮ್ಮಾವ್ರೇ ಅಂತ. ಬೇಕು ಅಂತ ಅಲ್ಲ ಕಣೇ. ಅವಳ ನಾಲಗೆ ಹೊರಳ್ತಾನೇ ಇರ್ಲಿಲ್ಲ. ಇದ್ದ ಒಂದು ಚಾಪೆ ಮಗಳಿಗೆ ಹಾಸಿ ತಾನು ನಿಂತೇ ಇರೋಳಂತೆ. ಮಗಳು ಉಣ್ಣೋವರೆಗೂ ತಾನು ಉಣ್ಣಲ್ಲ. ಕೆಂಚಿ ಒನಕೆ ಹಿಡಿದ್ರೆ, ಬೇಡಿ ಅಮ್ಮಾವ್ರೇ, ಕೈ ಬೊಬ್ಬೆ ಬರುತ್ತೆ ಅಂತ ಕಿತ್ಕೊಳ್ಳೋಳು. ಒಂದು ಸಲ ನನ್ನ ಹೆಸರು ಹಿಡಿದು ಕರಿಯಮ್ಮ ಅಂತ ಕೆಂಚಿ ಬೇಡ್ಕೊಂಡ್ಳಂತೆ. ಸಣ್ಣೀರಿ ಬಾಯಿ ತೆರೆದ್ಳು, ರಕ್ತ ಬರೋ ಹಾಗೆ ನಾಲಗೆ ಕಚ್ಕೊಂಡ್ಳು. ಆಮೇಲೆ ಕೆಂಚಿ ಕೇಳೋದು ಬಿಟ್ಳು. ಯಾವ ಮಾತಿಗೋಸ್ಕರ ಅಷ್ಟು ವರ್ಷ ಹೊಳೆ ನೋಡ್ಕೊಂಡು ಬದುಕಿದ್ಳೋ ಆ ಮಾತು ಅವಳಿಗೆ ಸಿಗ್ಲಿಲ್ಲ. ಒಂದೇ ಸೂರಿನ ಕೆಳಗೆ ತಾಯಿ ಮಗಳು ಹೀಗೆ ಇದ್ರಂತೆ.

ಆಮೇಲೆ ಇಬ್ಬರು ರಾಜರಿಗೂ ವಯಸ್ಸಾಯ್ತು, ಬೊಪ್ಪರಾಜ ದೊಡ್ಡ ಮಗಳ ಗಂಡನಿಗೆ, ಭೂಪಾಲ ಆ ತಂಗಿ ಮಗ ಅನ್ನಿಸ್ಕೊಂಡೋನಿಗೆ ಪಟ್ಟ ಕಟ್ಟಿದ್ರು. ಸ್ನೇಹ ಮುಂದುವರೀಬೇಕಲ್ಲ, ಕಟ್ಟಳೆ ಬಿಡೋಕಾಗುತ್ತಾ? ಈಗ ಅವರಿಗೆ ನಾಚಿಕೆನೂ ಇರ್ಲಿಲ್ಲ. ನೀವು ನಿಮ್ಮ ಕಡೆಯಿಂದ ಯಾರದ್ದಾದ್ರೂ ಒಂದು ನೋಡಿ, ನಾವು ನಮ್ಮ ಕಡೆಯಿಂದ ಒಂದು ನೋಡ್ತೀವಿ ಅಂತ ಮಾತಾಡ್ಕೊಂಡ್ರಂತೆ. ಒಂದಿನ ಬೆಳಿಗ್ಗೆ ಕುದುರೆ ಮೇಲೆ ಓಲೆಕಾರರು ಬಂದು ಕೊಟ್ಟಿಗೆ ಕಡೆ ತಿರುಗಿದ್ರು. ಲಕ್ಷಣವಾದ ಹೆಣ್ಣುಮಗು ಯಾರ ಮನೇಲಿದೆ ಅಂತ ಕೂಗ್ತಾ ಬಂದ್ರು.

ಕೆಂಚಿ ಅಂಗಳದಲ್ಲಿ ಬತ್ತ ಹರವ್ತಿದ್ಳು. ಕಿವಿಗೆ ಬಿತ್ತು. ಪಕ್ಕದ ಗುಡಿಸಲಲ್ಲಿ ಒಂದು ಮಗು ಇರೋದು ಅವಳಿಗೆ ಗೊತ್ತು. ಎದ್ದು ನಿಂತ್ಳು. ಹೋಗಿ ಅಡ್ಡ ನಿಲ್ಲಬೇಕು, ಎಲ್ಲಾ ಸತ್ಯ ಅಷ್ಟು ಜನದ ಮುಂದೆ ಕೂಗಿ ಹೇಳಬೇಕು, ನೇಣಾದ್ರೂ ಹಾಕಲಿ ಅಂತ ಹೆಜ್ಜೆ ಇಟ್ಟಳಂತೆ.

ಅಷ್ಟರಲ್ಲಿ ಒಳಗಿಂದ ಸಣ್ಣೀರಿ ಕೂಗಿದ್ಳು.

ಕೆಂಚೀ, ಬಾರೇ ಒಳಗೆ.

ಮುದುಕಿ ಕಣ್ಣಿಗೆ ಮಗಳು ಆಗ ಐದು ವರ್ಷದ ಕೂಸಾಗಿ ಕಂಡಿರಬೇಕು. ಓಡಿ ಬಂದು ರಟ್ಟೆ ಹಿಡಿದು ದರದರ ಎಳ್ಕೊಂಡು ಹೋಗಿ, ಬಾಗಿಲು ಹಾಕಿ, ಬತ್ತ ತುಂಬಿಡೋ ದೊಡ್ಡ ವಾಡೆ ಹಿಂದೆ ಕೂರಿಸಿ, ಸೆರಗಿಂದ ಮುಚ್ಚಿ ಎದೆಗೆ ಅವಚ್ಕೊಂಡ್ಳಂತೆ. ಕೆಂಚಿ, ನನ್ನ ಕೆಂಚಿ, ಉಸಿರೆತ್ತಬೇಡ ಕಣೇ, ಈ ಸಲ ಕೊಡಲ್ಲ ನಾನು, ಕೆಂಚಿ ಅಂತ ತಲೆ ಸವರಿದ್ಳು. ಅಷ್ಟು ವರ್ಷ ಬಾಯಿಗೆ ಬರದೇ ಇದ್ದ ಹೆಸರು ಈಗ ನಿಲ್ಲೋ ಹಾಗೇ ಕಾಣ್ತಿರ್ಲಿಲ್ಲ. ಕೆಂಚಿ ಅಮ್ಮನ ಮಡಿಲಲ್ಲಿ ಮುಖ ಇಟ್ಟು ಕೇಳ್ತಾ ಇದ್ದಳಂತೆ. ಹೊರಗೆ ಪಕ್ಕದ ಮನೆ ತಾಯಿ ಕಿರುಚಿದ್ದು ಕೇಳಿಸ್ತು, ಮಗು ಅತ್ತಿದ್ದು ಕೇಳಿಸ್ತು, ಕುದುರೆ ಹೊಳೆ ಕಡೆ ಹೋಗಿದ್ದೂ ಕೇಳಿಸ್ತು. ಅವಳು ಏಳಲಿಲ್ಲ.

ಆಮೇಲೆ ಸಣ್ಣೀರಿ ಅವಳನ್ನ ಕೆಂಚಿ ಅಂತಾನೇ ಕರೀತಿದ್ಳಂತೆ, ಒಂದೇ ಎಲೇಲಿ ಇಬ್ಬರೂ ಉಣ್ತಿದ್ರಂತೆ, ಬದುಕಿರೋವರೆಗೂ ಸುಖವಾಗೇ ಇದ್ರಂತೆ. ಪಕ್ಕದ ಮನೆಯೋಳು ಮಾತ್ರ ಅವರ ಕಡೆ ತಿರುಗಿಯೂ ನೋಡ್ತಿರ್ಲಿಲ್ಲ. ಎರಡು ದೇಶಾನೂ ಅಣ್ಣತಮ್ಮಂದಿರ ಹಾಗೆ ಇವತ್ತಿಗೂ ಅನ್ಯೋನ್ಯವಾಗಿವೆಯಂತೆ. ಅಷ್ಟೇ ಕಣೇ ಕತೆ, ಮುಗೀತು, ಮುಂದೆ ಏನೂ ಇಲ್ಲ. ಕಣ್ಣು ಮುಚ್ಚು.